ಕೆಟ್ಟು ನಿಂತದ್ದು, ನಿಂತು ಕೆಟ್ಟದ್ದು

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಹಳೆಯ ಟ್ರ್ಯಾಕ್ಟರಿನಲ್ಲಿ ಒಂದೇ ಒಂದು ದೋಷ ಇರುವುದು ಅಪರೂಪ. ಓಡುತ್ತಿದ್ದ ಗಾಡಿ ಯಾವುದೋ ಕಾರಣಕ್ಕೆ ಕೆಟ್ಟು ನಿಂತಿರುತ್ತದೆ. ನಿಂತ ಮೇಲೆ ತುಕ್ಕು, ತೇವ, ಇಲಿ, ಹಳಸಿದ ಪೆಟ್ರೋಲು ಎಲ್ಲ ಸೇರಿ ಅದನ್ನು ಇನ್ನಷ್ಟು ಕೆಡಿಸಿರುತ್ತವೆ. ಇವೆರಡರ ಮೇಲೆ ಮೂರನೆಯ ಬಗೆಯೂ ಒಂದಿದೆ, ಒಪ್ಪಿಕೊಳ್ಳುವವರು ಮಾತ್ರ ಕಡಿಮೆ: ರಿಪೇರಿಗೆ ಕೈಹಾಕಿದವರೇ ಹೊಸದಾಗಿ ಸೇರಿಸಿದ ದೋಷ. ಕೆಟ್ಟು ನಿಂತದ್ದು ಯಾವುದು, ನಿಂತು ಕೆಟ್ಟದ್ದು ಯಾವುದು, ಬಿಚ್ಚಿ ಕೆಡಿಸಿದ್ದು ಯಾವುದು ಎಂದು ಬೇರೆ ಮಾಡಿಕೊಂಡರೆ ಹಳೆಯ ಯಂತ್ರದ ದುರಸ್ತಿಯಲ್ಲಿ ಅರ್ಧ ಕೆಲಸ ಮುಗಿದಂತೆ.

ಇದನ್ನು ಅರಿಯಲು ಫರ್ಗುಸನ್ ಟಿಇ-20 ಒಳ್ಳೆಯ ಮಾದರಿ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಈ ಪುಟ್ಟ ಬೂದು ಟ್ರ್ಯಾಕ್ಟರನ್ನು ಇಂಗ್ಲೆಂಡಿನ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1946ರಿಂದ 1956ರವರೆಗೆ ತಯಾರಿಸಿತು. ಅಲ್ಲಿಂದ ಹೊರಬಂದ ಗಾಡಿಗಳ ಸಂಖ್ಯೆ 5 ಲಕ್ಷ ದಾಟಿತ್ತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಚಕ್ರಗಳಿಗೆ ಪಟ್ಟಿ ತೊಡಿಸಿದ ಇವೇ ಫರ್ಗುಸನ್‌ಗಳ ಮೇಲೆ. ಕರ್ನಾಟಕದ ರೈತರಿಗೂ ಇದರ ವಂಶ ಅಪರಿಚಿತವಲ್ಲ. 1953ರಲ್ಲಿ ಫರ್ಗುಸನ್ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಟಿಇ-20ರ ಜಾಗಕ್ಕೆ 35 ಎಂಬ ಮಾದರಿ ಬಂತು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಕಂಪನಿಯ ಮ್ಯಾಸಿ ಫರ್ಗುಸನ್ 1035 ಅದರ ಪೀಳಿಗೆಯದೇ. ಹಳ್ಳಿಗಳಲ್ಲಿ ಕೆಂಪು ಮ್ಯಾಸಿ ಎಂದು ಕರೆಸಿಕೊಳ್ಳುವ ಗಾಡಿಯ ಹಿಂದಿನ ಮೂರು ಕೊಂಡಿಗಳ ಲಿಫ್ಟಿನ ಬೇರು ಆ ಬೂದು ಅಜ್ಜನಲ್ಲಿದೆ.

ಹಳೆಯ ಗಾಡಿ ಸಿಕ್ಕ ಕೂಡಲೇ ಹೊಸ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದು ನೋಡುವ ಆತುರ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಳ್ಳಬೇಕು. ಮೊದಲು ತಿಳಿಯಬೇಕಾದದ್ದು ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ ಎಂಬುದು. ನಾಲ್ಕೂ ಪ್ಲಗ್ ಬಿಚ್ಚಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ಎಳೆದು ನೋಡಬೇಕು. ಅಲುಗದಿದ್ದರೆ ಪಿಸ್ಟನ್ ರಿಂಗುಗಳು ಬೋರಿನ ಗೋಡೆಗೆ ತುಕ್ಕು ಹಿಡಿದು ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಸೈಲೆನ್ಸರ್ ಮೂಲಕ ಒಂದು ಮಳೆಗಾಲದ ನೀರು ಇಳಿದು, ತೆರೆದಿದ್ದ ಎಕ್ಸಾಸ್ಟ್ ವಾಲ್ವಿನಿಂದ ಒಂದೇ ಸಿಲಿಂಡರಿಗೆ ನುಗ್ಗಿದ್ದರೂ ಸಾಕು, ನಾಲ್ಕೂ ಪಿಸ್ಟನ್‌ಗಳು ನಿಂತುಬಿಡುತ್ತವೆ. ಇಂಥ ಎಂಜಿನನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಬಿಡಿಸುವುದು ಹಳೆಯ ಅಭ್ಯಾಸ, ಕೆಟ್ಟ ಅಭ್ಯಾಸವೂ ಹೌದು. ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಸೀಳುತ್ತದೆ. ಪ್ಲಗ್ ತೂತಿನಿಂದ ತೆಳು ಎಣ್ಣೆ ಸುರಿದು ದಿನಗಟ್ಟಲೆ ನೆನೆಯಲು ಬಿಟ್ಟು, ದಿನಕ್ಕೊಮ್ಮೆ ಹ್ಯಾಂಡಲನ್ನು ಮೆಲ್ಲಗೆ ಅಲುಗಿಸುತ್ತಿದ್ದರೆ ಬಹಳಷ್ಟು ಎಂಜಿನ್‌ಗಳು ತಾವಾಗಿ ಬಿಡುತ್ತವೆ. ಒಂದು ಕೂದಲೆಳೆಯಷ್ಟು ಅಲುಗಿದರೂ ಕೆಲಸ ಮುಂದುವರಿದಿದೆ ಎಂದೇ ಲೆಕ್ಕ.

ತಿರುಗುವುದು ಖಚಿತವಾದ ಮೇಲೆ ಸೆಲ್ಫ್. ಟಿಇ-20ರಲ್ಲಿ ಇದಕ್ಕೆ ಪ್ರತ್ಯೇಕ ಗುಂಡಿ ಇಲ್ಲ. ಗೇರ್ ಲಿವರನ್ನೇ ‘ಎಸ್’ ಎಂದು ಬರೆದ ಜಾಗಕ್ಕೆ ತಳ್ಳಿದರೆ ಅದರ ಬುಡದಲ್ಲಿರುವ ಸ್ವಿಚ್ ಒತ್ತಿ ಸ್ಟಾರ್ಟರ್ ತಿರುಗುತ್ತದೆ. ಗೇರಿನಲ್ಲಿದ್ದಾಗ ಗಾಡಿ ಶುರುವಾಗಿ ಯಾರ ಮೇಲಾದರೂ ಹರಿಯದಿರಲಿ ಎಂಬ ಎಚ್ಚರಿಕೆಯಿಂದ ಮಾಡಿದ ಏರ್ಪಾಡು ಅದು, ಆ ಕಾಲಕ್ಕೆ ಬಹಳ ಜಾಣತನದ್ದು. ಆದರೆ ಸೆಲ್ಫ್ ತೆಗೆದುಕೊಳ್ಳದಿದ್ದಾಗ ಬ್ಯಾಟರಿ, ಮೋಟಾರ್ ಎಲ್ಲವನ್ನೂ ಬದಲಿಸಿ ಸೋತವರು ಕೊನೆಗೆ ನೋಡುವುದು ಲಿವರ್ ಬುಡದ ಈ ತುಕ್ಕು ಹಿಡಿದ ಸ್ವಿಚ್ಚನ್ನು.

ಸೆಲ್ಫ್ ತಿರುಗಿಯೂ ನಿಧಾನವಾಗಿದ್ದರೆ ತಂತಿಗಳತ್ತ ನೋಡಬೇಕು. ಮೊದಮೊದಲ ಗಾಡಿಗಳು 6 ವೋಲ್ಟಿನವು, ಆಮೇಲಿನವು 12 ವೋಲ್ಟಿನವು. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡರಷ್ಟು ಕರೆಂಟು ಹರಿಯಬೇಕು. ಹಾಗಾಗಿ ತುಕ್ಕು ಹಿಡಿದ ಒಂದೇ ಜೋಡಣೆಯಲ್ಲಿ ಪೋಲಾಗುವ ವೋಲ್ಟೇಜು ಎರಡು ಪಟ್ಟು, ಇರುವ ಆರರಲ್ಲಿ ಅದರ ಪಾಲು ನಾಲ್ಕು ಪಟ್ಟು. ಕಾರಿನ ಅಂಗಡಿಯಲ್ಲಿ ಸಿಗುವ ತೆಳು ಕೇಬಲ್ ತಂದು ಹಾಕಿದರೆ ಬ್ಯಾಟರಿ ಎಷ್ಟೇ ಹೊಸದಾದರೂ ಸೆಲ್ಫ್ ನರಳುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಮೂಲ ಕೇಬಲ್ಲಿಗೆ ಕಾರಣವಿತ್ತು. ಇನ್ನೊಂದು ಮಾತು: ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಕಟ್ಟುವುದು ಬ್ಯಾಟರಿಯ ಪಾಸಿಟಿವ್ ತುದಿಯನ್ನು. ಈಗಿನ ರೂಢಿಯಂತೆ ನೆಗೆಟಿವ್ ಕಟ್ಟಿದವರಿಗೆ ಆಮೀಟರ್ ಮುಳ್ಳು ಉಲ್ಟಾ ಓಡುವುದನ್ನು ಕಂಡು ಗಾಬರಿಯಾಗುತ್ತದೆ.

ಬಿಚ್ಚಿ ಕೆಡಿಸಿದ ದೋಷಗಳಲ್ಲಿ ಅತಿ ಸಾಮಾನ್ಯವಾದದ್ದು ಸಿಗುವುದೂ ಇಲ್ಲೇ. ಬಣ್ಣ ಬಳಿಯುವ ಮೊದಲು ನೆಟ್ಟಗೆ ಓಡುತ್ತಿದ್ದ ಗಾಡಿ, ಬಳಿದು ಜೋಡಿಸಿದ ಮೇಲೆ ಮಿಸುಕುವುದಿಲ್ಲ. ಅರ್ತಿಂಗ್ ಪಟ್ಟಿಯನ್ನು ಹೊಸ ಬಣ್ಣದ ಮೇಲೆಯೇ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಬಣ್ಣದಲ್ಲಿ ಕರೆಂಟು ಹರಿಯದು. ಪಟ್ಟಿ ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿದರೆ ಮುಗಿಯಿತು.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಎಂದಾದರೆ ಪ್ರಶ್ನೆ ಮೂರಕ್ಕೆ ಇಳಿಯುತ್ತದೆ: ಕಿಡಿ ಬರುತ್ತಿದೆಯೇ, ಪೆಟ್ರೋಲ್ ತಲುಪುತ್ತಿದೆಯೇ, ಕಂಪ್ರೆಷನ್ ಇದೆಯೇ. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಕಾರ್ಬೊರೇಟರ್, ಪ್ಲಗ್, ಪಾಯಿಂಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದಾಗ ಗಾಡಿ ಶುರುವಾದರೂ ಕೆಟ್ಟಿದ್ದು ಯಾವುದೆಂದು ತಿಳಿಯುವುದಿಲ್ಲ. ಶುರುವಾಗದಿದ್ದರಂತೂ ಹೊಸ ಸಾಮಾನಿನಲ್ಲೇ ದೋಷ ಇದೆಯೇನೋ ಎಂಬ ಅನುಮಾನ ಬೇರೆ.

ಕಿಡಿಯ ಪರೀಕ್ಷೆ ಸುಲಭ. ಒಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು ಎಂಜಿನ್ ತಿರುಗಿಸಿದರೆ ನೀಲಿಯಾದ, ಚಟಚಟ ಎನ್ನುವ ಕಿಡಿ ಕಾಣಬೇಕು. ಪೆಟ್ರೋಲ್ ಚೆಲ್ಲಿದ ಜಾಗದಿಂದ ದೂರವಿಟ್ಟು ಮಾಡಬೇಕು ಎಂಬುದನ್ನು ಹೇಳುವ ಅಗತ್ಯವೇ ಇರಬಾರದು, ಆದರೂ ಇದೆ. ಕಿಡಿ ಇಲ್ಲದಿದ್ದರೆ ಮೊದಲ ಅನುಮಾನ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮೇಲೆ. ನಿಂತ ಗಾಡಿಯಲ್ಲಿ ಅವುಗಳ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಬೆಳೆದಿರುತ್ತದೆ, ಕರೆಂಟು ತಡೆಯಲು ಅಷ್ಟೇ ಸಾಕು. ನಯವಾದ ಕಾಗದದಿಂದ ಉಜ್ಜಿ, ಸಂದನ್ನು 0.3 ಮಿಲಿಮೀಟರ್ ಆಸುಪಾಸಿಗೆ ಹೊಂದಿಸಿದರೆ ಎಷ್ಟೋ ಸತ್ತ ಎಂಜಿನ್‌ಗಳು ಅಲ್ಲೇ ಎದ್ದಿವೆ.

ಕಂಡೆನ್ಸರ್ ಮಾತ್ರ ಕಾಡಿಸುವ ಸಾಮಾನು. ತಣ್ಣಗಿದ್ದಾಗ ಸರಿಯಾಗಿ ಕೆಲಸ ಮಾಡಿ, ಅರ್ಧ ಗಂಟೆ ಉತ್ತು ಬಿಸಿಯಾದ ಮೇಲೆ ಕೈಕೊಡುತ್ತದೆ. ಗಾಡಿ ಮಿಸ್ ಹೊಡೆದು ನಿಲ್ಲುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಶುರುವಾಗುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಮಬ್ಬುಗತ್ತಲಲ್ಲಿ ನೋಡಿದಾಗ ಪಾಯಿಂಟುಗಳ ನಡುವೆ ದೊಡ್ಡ ಹಳದಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಕೆಲಸ ಮುಗಿದಿದೆ. ಇನ್ನು ಕಾರ್ಬೊರೇಟರಿನಿಂದ ಢಂ ಎಂದು ಹಿಂದಕ್ಕೆ ಹೊಡೆಯುವ ಎಂಜಿನ್ ಸಾಮಾನ್ಯವಾಗಿ ಜೋಡಣೆಯ ತಪ್ಪನ್ನು ಹೇಳುತ್ತಿರುತ್ತದೆ. ಈ ಎಂಜಿನ್ ಉರಿಯುವ ಕ್ರಮ 1-3-4-2. ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಿಸಿ ಕೂರಿಸಿದರೆ ಕಿಡಿ ಬೇರೆಯೇ ಸಿಲಿಂಡರಿನಲ್ಲಿ ಹಾರುತ್ತದೆ.

ಪೆಟ್ರೋಲಿನ ದಾರಿಯಲ್ಲಿ ಟ್ಯಾಂಕೇ ದೊಡ್ಡ ಶತ್ರು. ಖಾಲಿ ಟ್ಯಾಂಕಿನ ಒಳಮೈಯಲ್ಲಿ ತೇವ ಕೂತು ತುಕ್ಕು ಪುಡಿಯಾಗಿ ಉದುರುತ್ತದೆ. ಶುರುವಿನಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ, ಗಾಡಿ ಅಲುಗಿದಂತೆ ಪುಡಿ ಇಳಿದು ಟ್ಯಾಂಕಿನ ಕೆಳಗಿನ ಕಸ ಹಿಡಿಯುವ ಬಟ್ಟಲಿನ ಜಾಲರಿಯನ್ನೋ ಕಾರ್ಬೊರೇಟರಿನ ಜೆಟ್ಟನ್ನೋ ಮುಚ್ಚುತ್ತದೆ. ಜೆಟ್ ಊದಿ ಜೋಡಿಸಿದರೆ ಇನ್ನೊಂದು ಹತ್ತು ನಿಮಿಷ. ಟ್ಯಾಂಕ್ ಇಳಿಸಿ, ಒಳಗೆ ಸಣ್ಣ ಸರಪಳಿ ಹಾಕಿ ಅಲ್ಲಾಡಿಸಿ ತೊಳೆಯುವವರೆಗೆ ಈ ಆಟ ನಿಲ್ಲುವುದಿಲ್ಲ. ತೂತು ಬಿದ್ದ ಹಳೆಯ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಮಾತ್ರ ಅವಸರ ಕೂಡದು. ವರ್ಷಗಳಿಂದ ಖಾಲಿಯಿದ್ದ ಟ್ಯಾಂಕಿನಲ್ಲೂ ಸಿಡಿಯುವಷ್ಟು ಆವಿ ಉಳಿದಿರಬಹುದು.

ಇದೇ ಲಕ್ಷಣ ತೋರಿಸುವ ಇನ್ನೊಂದು ದೋಷಕ್ಕೆ ಕಾಸಿನ ಖರ್ಚಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಂಥ ತೂತು ಇರುತ್ತದೆ. ಕಣಜದ ಹುಳು ಅದರಲ್ಲಿ ಮಣ್ಣು ಮೆತ್ತಿದ್ದರೆ, ಅಥವಾ ಹೊಸ ಬಣ್ಣ ಅದನ್ನು ಮುಚ್ಚಿದ್ದರೆ, ಪೆಟ್ರೋಲ್ ಇಳಿದಂತೆಲ್ಲ ಒಳಗೆ ನಿರ್ವಾತ ಹುಟ್ಟಿ ಹರಿವು ನಿಲ್ಲುತ್ತದೆ. ಎಂಜಿನ್ ನಿಂತ ಕೂಡಲೇ ಮುಚ್ಚಳ ಸಡಿಲಿಸಿ ಕಿವಿಗೊಟ್ಟರೆ ‘ಸುಯ್’ ಎಂದು ಗಾಳಿ ಒಳನುಗ್ಗುವ ಸದ್ದು ಕೇಳುತ್ತದೆ. ಆ ಸದ್ದು ಕೇಳಿದರೆ ಕಾರ್ಬೊರೇಟರ್ ಬಿಚ್ಚಬೇಕಾಗಿಲ್ಲ.

ಮೂರನೆಯದು ಕಂಪ್ರೆಷನ್. ಪ್ಲಗ್ ತೂತಿಗೆ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಒತ್ತಡ ಬರೆದುಕೊಳ್ಳಬೇಕು. ಹಳೆಯ ಎಂಜಿನ್ನಿನಲ್ಲಿ ಅಂಕಿ ಕಡಿಮೆ ಬಂದರೂ ನಾಲ್ಕೂ ಹತ್ತಿರಹತ್ತಿರ ಇದ್ದರೆ ಗಾಬರಿ ಬೇಡ. ಒಂದು ಮಾತ್ರ ಬಿದ್ದಿದ್ದರೆ ಯೋಚಿಸಬೇಕು. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಸೋರಿಕೆ ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಎಂಜಿನ್ ಬಿಚ್ಚದೆ ಇಷ್ಟು ಖಚಿತವಾಗಿ ಒಳಗಿನ ಸುದ್ದಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ‘ಎಂಜಿನ್ ಬೋರಿಗೆ ಬಂದಿದೆ’ ಎಂದು ಹೊಗೆ ನೋಡಿಯೇ ತೀರ್ಪು ಕೊಡುವವರು ಈ ಒಂದು ಚಮಚ ಎಣ್ಣೆಯ ಪರೀಕ್ಷೆ ಮಾಡಿದ್ದರೆ ಎಷ್ಟೋ ರೈತರ ದುಡ್ಡು ಉಳಿಯುತ್ತಿತ್ತು.

ಟಿಇ-20ರ ಎಂಜಿನ್ನಿನಲ್ಲಿ ಎಚ್ಚರ ತಪ್ಪುವ ಜಾಗ ಲೈನರ್. ಇಲ್ಲಿ ಪಿಸ್ಟನ್ ಓಡುವ ಲೈನರುಗಳು ಬ್ಲಾಕಿನಲ್ಲಿ ಗಟ್ಟಿಯಾಗಿ ಹೊಡೆದು ಕೂರಿಸಿದವಲ್ಲ. ಸುತ್ತಲೂ ನೀರು ಹರಿಯುವಂತೆ ಸಡಿಲವಾಗಿ ಇಳಿಬಿಟ್ಟವು. ಸ್ಟ್ಯಾಂಡರ್ಡ್ ಎಂಜಿನ್ನಿನಲ್ಲಿ ಅವುಗಳ ಬುಡಕ್ಕೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ತೆಳು ಗ್ಯಾಸ್ಕೆಟ್ ಇದ್ದು, ಎರಡೆರಡು ಲೈನರುಗಳಿಗೆ ಒಂದರಂತೆ ನೀರನ್ನು ತಡೆಯುತ್ತದೆ. ಲೈನರಿನ ಮೇಲ್ತುದಿ ಬ್ಲಾಕಿನ ಮುಖಕ್ಕಿಂತ ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗ ಎತ್ತರ ನಿಂತಿರುತ್ತದೆ. ಹೆಡ್ ಬಿಗಿದಾಗ ಅದು ಅದುಮಿ ಕೂತು ಮೇಲೂ ಕೆಳಗೂ ಬಿಗಿ ಸಿಗುತ್ತದೆ. ಹೆಡ್ ಬಿಚ್ಚಿದ ಮೇಲೆ ಈ ಅದುಮುವ ಬಲ ಇಲ್ಲ. ಆಗ ಸುಮ್ಮನೆ ನೋಡಲೆಂದು ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಕೂಡ ಎದ್ದು, ಬುಡದ ಗ್ಯಾಸ್ಕೆಟ್ ಮುದುರಿ, ಅಲ್ಲಿವರೆಗೆ ಇರದಿದ್ದ ಸೋರಿಕೆ ಶುರುವಾಗುತ್ತದೆ. ವಾಲ್ವ್ ಉಜ್ಜಲೆಂದು ಹೆಡ್ ಇಳಿಸಿದ ಗಾಡಿಯ ಆಯಿಲ್ ವಾರದೊಳಗೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಹೀಗೆ. ವಾಷರ್ ಮತ್ತು ನಟ್ ಹಾಕಿ ಲೈನರುಗಳನ್ನು ಕೆಳಕ್ಕೆ ಹಿಡಿದಿಟ್ಟೇ ಮುಂದಿನ ಕೆಲಸ ಮಾಡಬೇಕು.

ಆಯಿಲಿನಲ್ಲಿ ನೀರು ಬಂದ ಮಾತ್ರಕ್ಕೆ ಗ್ಯಾಸ್ಕೆಟ್ಟೇ ಕಾರಣ ಎನ್ನುವಂತಿಲ್ಲ. ಬ್ರಿಟನ್ನಿನ ಚಳಿಯಲ್ಲಿ ರಾತ್ರಿ ರೇಡಿಯೇಟರ್ ನೀರು ಬಸಿಯಲು ಮರೆತರೆ ಅದು ಹೆಪ್ಪುಗಟ್ಟಿ ಹಿಗ್ಗಿ ಬ್ಲಾಕನ್ನೇ ಸೀಳುತ್ತದೆ. ಅಲ್ಲಿನ ಹಳೆಯ ಗಾಡಿ ಕೊಳ್ಳುವವರು ಬ್ಲಾಕಿನ ಪಕ್ಕದಲ್ಲಿ ಬೆಸುಗೆಯ ಗೆರೆ ಇದೆಯೇ ಎಂದು ಮೊದಲು ಹುಡುಕುತ್ತಾರೆ. ನಮ್ಮಲ್ಲಿ ಚಳಿಯ ಕಾಟ ಇಲ್ಲ, ಗಡಸು ನೀರಿನದಿದೆ. ಕೊಳವೆಬಾವಿ ನೀರು ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ ಎಂಜಿನ್ ಕಾಯುತ್ತದೆ.

ಟಿಇ-20ರ ಕೆಲವು ಮಾದರಿಗಳು ಓಡುತ್ತಿದ್ದದ್ದು ಸೀಮೆಎಣ್ಣೆಯಂಥ ಅಗ್ಗದ ವೇಪರೈಸಿಂಗ್ ಆಯಿಲ್ ಮೇಲೆ. ಟ್ಯಾಂಕಿನೊಳಗೆ ಎರಡು ಕೋಣೆ: ಚಿಕ್ಕದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಈ ಎಣ್ಣೆ. ಪೆಟ್ರೋಲಿನಲ್ಲಿ ಶುರುಮಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ನಲ್ಲಿ ತಿರುಗಿಸಿ ಎಣ್ಣೆಗೆ ಬದಲಾಯಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು. ತಣ್ಣಗಿರುವಾಗಲೇ ಬದಲಿಸಿದರೆ ಎಣ್ಣೆ ಆವಿಯಾಗದೆ ಹನಿಯಾಗಿಯೇ ಉಳಿದು, ಬೋರಿನ ಗೋಡೆ ತೊಳೆದು, ರಿಂಗು ದಾಟಿ ಕೆಳಗಿನ ಆಯಿಲಿಗೆ ಸೇರುತ್ತದೆ. ಆಗ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ದಿನದಿನಕ್ಕೆ ಏರುತ್ತದೆ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುವ ಮುಂಚೆ ಸೀಮೆಎಣ್ಣೆಯ ವಾಸನೆ ಹಿಡಿದು ನೋಡಿ ಆಯಿಲ್ ಬದಲಿಸುವುದೇ ದಾರಿ.

ಡೀಸೆಲ್ ಮಾದರಿ ಬಂದದ್ದು 1951ರಲ್ಲಿ. ಅದರ ಕಷ್ಟಗಳು ಕೆಂಪು ಮ್ಯಾಸಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವಂಥವೇ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ ಎಂಜಿನ್ ಎಷ್ಟು ತಿರುಗಿದರೂ ಹತ್ತಿಕೊಳ್ಳದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಂಪಿನ ಕೈಲಿವರ್ ಒತ್ತುತ್ತ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಬೇಕು, ಆಮೇಲೆ ಇಂಜೆಕ್ಷನ್ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರುಗಳ ನಟ್‌ನಲ್ಲಿ. ಟ್ಯಾಂಕಿನ ಕಡೆಯಿಂದ ಇಂಜೆಕ್ಟರಿನ ಕಡೆಗೆ ಇದೇ ಕ್ರಮ. ಹೊಗೆಯೂ ಇಲ್ಲಿ ಮಾತಾಡುತ್ತದೆ: ಕಪ್ಪಾದರೆ ಗಾಳಿ ಸಾಲದು, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ ಇಲ್ಲವೇ ನೀರು ಸೇರಿದೆ. ಸಿಂಪಡಿಸುತ್ತಿರುವ ಇಂಜೆಕ್ಟರಿನ ಮುಂದೆ ಬೆರಳು ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.

ಎಂಜಿನ್ ಓಡಿತು, ಗೇರ್ ಬೀಳುತ್ತಿಲ್ಲ ಎಂಬುದು ಮುಂದಿನ ದೂರು. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಪೆಡಲ್ ತುಳಿದ ಸ್ಥಿತಿಯಲ್ಲಿ ಮರದ ತುಂಡು ಕೊಟ್ಟು ಕೆಲವು ದಿನ ಬಿಟ್ಟರೆ ಕೆಲವೊಮ್ಮೆ ಬಿಡುತ್ತದೆ. ಬಿಡದಿದ್ದರೆ ಗಾಡಿಯನ್ನು ನಡುವಿನಿಂದ ಎರಡು ಭಾಗ ಮಾಡಲೇಬೇಕು. ಟಿಇ-20ಕ್ಕೆ ಚಾಸಿಸ್ ಇಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಎರಕದ ಮೈಗಳನ್ನೇ ಒಂದಕ್ಕೊಂದು ಬಿಗಿದು ಬೆನ್ನೆಲುಬು ಮಾಡಲಾಗಿದೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುವುದರಿಂದ, ಬೋಲ್ಟು ಬಿಚ್ಚಿದ ಕ್ಷಣ ಎಂಜಿನ್ ಭಾಗ ಒಂದು ಪಕ್ಕಕ್ಕೆ ಉರುಳಿಬಿಡುತ್ತದೆ. ಆಕ್ಸಲ್ಲಿಗೂ ಎಂಜಿನ್ನಿಗೂ ಮಧ್ಯೆ ಎರಡೂ ಕಡೆ ಮರದ ಬೆಣೆ ಹೊಡೆಯದೆ ಈ ಕೆಲಸಕ್ಕೆ ಇಳಿಯಬಾರದು.

ಹೈಡ್ರಾಲಿಕ್ ಲಿಫ್ಟಿನ ತೊಂದರೆಯಲ್ಲಿ ಮೊದಲು ನೋಡಬೇಕಾದದ್ದು ಪಿಟಿಒ, ಅಂದರೆ ಹಿಂದಿನ ಸಲಕರಣೆಗಳಿಗೆ ಎಂಜಿನ್ ಶಕ್ತಿ ಕೊಡುವ ಶಾಫ್ಟಿನ ಲಿವರ್. ಇದರ ಪಂಪ್ ಓಡುವುದು ಪಿಟಿಒ ಶಾಫ್ಟಿನಿಂದ, ಆ ಶಾಫ್ಟ್ ಓಡುವುದು ಕ್ಲಚ್ಚಿನ ಮೂಲಕ. ಲಿವರ್ ಹಾಕದಿದ್ದರೆ ಅಥವಾ ಕ್ಲಚ್ ತುಳಿದಿದ್ದರೆ ಲಿಫ್ಟ್ ಏಳುವುದಿಲ್ಲ, ಅದು ದೋಷವೇ ಅಲ್ಲ. ಎರಡನೆಯದು ಎಣ್ಣೆ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಮಳೆನೀರು ಅಲ್ಲಿಂದಲೇ ಇಳಿದು ತಳದಲ್ಲಿ ನಿಂತಿರುತ್ತದೆ, ಪಂಪಿನ ವಾಲ್ವು ತುಕ್ಕಿಗೆ ಅಂಟುತ್ತದೆ. ಎಣ್ಣೆ ಸರಿಯಿದ್ದರೆ ನೇಗಿಲು ಕಟ್ಟಿ ಎತ್ತಿ ನೋಡಬೇಕು. ಎತ್ತಿ ಎಂಜಿನ್ ನಿಲ್ಲಿಸಿದ ಕೂಡಲೇ ಸರಸರ ಇಳಿದರೆ ಲಿಫ್ಟ್ ಸಿಲಿಂಡರಿನ ರಿಂಗಿನಲ್ಲೋ ಕಂಟ್ರೋಲ್ ವಾಲ್ವಿನಲ್ಲೋ ಸೋರಿಕೆ. ಖಾಲಿ ಕೊಂಡಿ ಎದ್ದು, ಭಾರ ಕಟ್ಟಿದಾಗ ಏಳದಿದ್ದರೆ ಪಂಪು ಸವೆದಿದೆ ಅಥವಾ ರಿಲೀಫ್ ವಾಲ್ವ್ ಬೇಗ ತೆರೆದುಕೊಳ್ಳುತ್ತಿದೆ. ಬೆಳಿಗ್ಗೆ ಚೆನ್ನಾಗಿ ಎತ್ತಿ ಮಧ್ಯಾಹ್ನ ಸೋಲುವ ಲಿಫ್ಟಿನಲ್ಲಿ ಬಿಸಿಯಾಗಿ ತೆಳುವಾದ ಎಣ್ಣೆ ಸಣ್ಣ ಸಂದುಗಳಲ್ಲಿ ಜಾರಿಹೋಗುತ್ತಿರುತ್ತದೆ. ಅದೇ ಎಣ್ಣೆ ಹಿಂದಿನ ಆಕ್ಸಲ್ಲಿನ ಸೀಲ್ ದಾಟಿದರೆ ಬ್ರೇಕ್ ಲೈನಿಂಗಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಸೀಲನ್ನೂ ಲೈನಿಂಗನ್ನೂ ಒಟ್ಟಿಗೆ ಬದಲಿಸಬೇಕು.

ಶೆಡ್ಡಿನಲ್ಲಿ ನಿಂತಲ್ಲೇ ಚೆನ್ನಾಗಿ ಓಡುವ ಗಾಡಿ ಉಳುವಾಗ ತನ್ನ ಉಳಿದ ದೋಷಗಳನ್ನು ಹೇಳುತ್ತದೆ. ಭಾರ ಬಿದ್ದಾಗ ಕ್ಲಚ್ ಜಾರುವುದು, ಗವರ್ನರ್ ಕೊಂಡಿ ಸವೆದು ಎಂಜಿನ್ ಏರಿಳಿಯುತ್ತ ತೂಗುವುದು, ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಬೀಳುವುದು ಇವೆಲ್ಲ ಕಾಣುವುದು ಆಗಲೇ. ಪ್ರೆಷರ್ ಬಿತ್ತೆಂದು ಬೇರಿಂಗ್ ಬಿಚ್ಚುವ ಮುನ್ನ ಇನ್ನೊಂದು ಗೇಜ್ ಹಾಕಿ ನೋಡುವುದು ಲೇಸು. ಎಪ್ಪತ್ತು ವರ್ಷದ ಗೇಜೂ ಕೆಟ್ಟಿರಬಹುದಲ್ಲ. ಮೊದಲ ಕೆಲವು ಗಂಟೆಗಳ ಓಟದ ಬಳಿಕ ಹೆಡ್ ನಟ್‌ಗಳನ್ನು ಕ್ರಮವಾಗಿ ಮತ್ತೆ ಬಿಗಿದು, ಟ್ಯಾಪೆಟ್ ಸಂದು ನೋಡಿ, ಎಂಜಿನ್ ಆಯಿಲನ್ನು ಅಗಲವಾದ ತಟ್ಟೆಗೆ ಬಸಿಯಬೇಕು. ತಟ್ಟೆಯ ತಳದಲ್ಲಿ ಮಿನುಗುವ ಪುಡಿಗೆ ಅಯಸ್ಕಾಂತ ಹಿಡಿದಾಗ ಅಂಟಿದರೆ ಅದು ಕಬ್ಬಿಣದ್ದು, ರಿಂಗು ಇಲ್ಲವೇ ಲೈನರಿನದು. ಅಂಟದೆ ಉಳಿದರೆ ಬೇರಿಂಗ್ ಚಿಪ್ಪಿನದು.